ಹನ್ನಾ ಅರೆಂಟ್: ಸರ್ವಂಕಷ ಪ್ರಭುತ್ವ ಮತ್ತು ಕೇಡಿನ ಸ್ವರೂಪ – ಪದೇ ಪದೇ ಕೇಳುವ ಪ್ರಶ್ನೆಗಳು

ಹನ್ನಾ ಅರೆಂಟ್ ಯಾರು? ಈ ವಿಷಯಗಳ ಕಡೆಗೆ ಅವರು ತಿರುಗಿದ್ದು ಹೇಗೆ?

ಹನ್ನಾ ಅರೆಂಟ್ 1906ರ ಅಕ್ಟೋಬರ್ 14ರಂದು ಜರ್ಮನಿಯ ಹ್ಯಾನೋವರ್ ಬಳಿಯ ಲಿಂಡೆನ್‌ನಲ್ಲಿ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿ, ಇಮ್ಯಾನುಯೆಲ್ ಕಾಂಟ್‌ನ ಊರಾದ ಕ್ಯೋನಿಗ್ಸ್‌ಬರ್ಗ್‌ನಲ್ಲಿ ಬೆಳೆದರು. ಮಾರ್ಬುರ್ಗ್‌ನಲ್ಲಿ ಮಾರ್ಟಿನ್ ಹೈಡೆಗರ್ ಅವರಲ್ಲಿಯೂ ಹೈಡೆಲ್‌ಬರ್ಗ್‌ನಲ್ಲಿ ಕಾರ್ಲ್ ಯಾಸ್ಪರ್ಸ್ ಅವರಲ್ಲಿಯೂ ತತ್ವಶಾಸ್ತ್ರ ಕಲಿತು, ಸಂತ ಅಗಸ್ಟೀನನ ಪ್ರೇಮದ ಪರಿಕಲ್ಪನೆಯನ್ನು ಕುರಿತು ಪ್ರೌಢಪ್ರಬಂಧ ಬರೆದ ಅವರನ್ನು ರಾಜಕೀಯಕ್ಕೆ ಎಳೆದು ತಂದದ್ದು 1933. ಆ ವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ, ಯಹೂದಿ ದ್ವೇಷದ ಬರಹಗಳನ್ನು ಬರ್ಲಿನ್ನಿನ ಗ್ರಂಥಾಲಯದಲ್ಲಿ ಕಲೆಹಾಕುತ್ತಿದ್ದ ಕಾರಣಕ್ಕೆ ಅವರನ್ನು ಎಂಟು ದಿನ ಬಂಧನದಲ್ಲಿಡಲಾಯಿತು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅವರು ಗಡಿ ದಾಟಿ ಪ್ರಾಗ್ ಮತ್ತು ಜಿನೀವಾಗಳ ಮೂಲಕ ಪ್ಯಾರಿಸ್ ಸೇರಿದರು. 1940ರಲ್ಲಿ ಫ್ರಾನ್ಸ್, ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರನ್ನೇ ಶತ್ರುದೇಶದವರೆಂದು ಪರಿಗಣಿಸಿ ಗುರ್ಸ್ ಶಿಬಿರದಲ್ಲಿ ಕೂಡಿಹಾಕಿದಾಗ ಅರೆಂಟ್ ಕೂಡ ಅಲ್ಲಿದ್ದರು. ಫ್ರಾನ್ಸ್ ಸೋತ ಗೊಂದಲದ ನಡುವೆ ಅಲ್ಲಿಂದ ಹೊರಬಿದ್ದು, ಲಿಸ್ಬನ್ ಮಾರ್ಗವಾಗಿ 1941ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ತಲುಪಿದರು. ಸುಮಾರು ಹದಿನೆಂಟು ವರ್ಷ ನಿರಾಶ್ರಿತರಾಗಿ ಬದುಕಿದ ಅವರಿಗೆ ಅಮೆರಿಕದ ಪೌರತ್ವ ದೊರೆತದ್ದು 1951ರಲ್ಲಿ. ಅವರ ಮೊದಲ ಮಹತ್ವದ ಗ್ರಂಥ ‘ದಿ ಒರಿಜಿನ್ಸ್ ಆಫ್ ಟೋಟಲಿಟೇರಿಯನಿಸಂ’ (ಸರ್ವಂಕಷ ಪ್ರಭುತ್ವದ ಮೂಲಗಳು) ಪ್ರಕಟವಾದದ್ದೂ ಅದೇ ವರ್ಷ.

ಅವರನ್ನು ತತ್ವಜ್ಞಾನಿ ಎನ್ನಬಹುದೇ?

ಅವರೇ ಒಪ್ಪುತ್ತಿರಲಿಲ್ಲ. 1964ರಲ್ಲಿ ಜರ್ಮನ್ ದೂರದರ್ಶನಕ್ಕೆ ನೀಡಿದ ಸಂದರ್ಶನದಲ್ಲಿ, ತಮ್ಮ ಕಸುಬು ರಾಜಕೀಯ ಸಿದ್ಧಾಂತವೆಂದೂ ತತ್ವಶಾಸ್ತ್ರಕ್ಕೆ ತಾವು ಎಂದೋ ವಿದಾಯ ಹೇಳಿದ್ದಾಗಿಯೂ ತಿಳಿಸಿದರು. ತತ್ವಜ್ಞಾನಿಗಳು ‘ಮನುಷ್ಯ’ನನ್ನು ಕುರಿತು ಯೋಚಿಸುತ್ತಾರೆ, ಆದರೆ ಭೂಮಿಯ ಮೇಲೆ ಬದುಕುವವರು ಒಬ್ಬರಿಂದೊಬ್ಬರು ಬೇರೆಯಾದ ಅನೇಕ ಮನುಷ್ಯರು ಎಂಬುದು ಅವರ ತಕರಾರಾಗಿತ್ತು. ಈ ಬಹುತ್ವವನ್ನು ಅಳಿಸಿಹಾಕುವ ಪ್ರಯತ್ನವನ್ನೇ ಅವರು ಸರ್ವಂಕಷ ಪ್ರಭುತ್ವದಲ್ಲಿ ಕಂಡದ್ದರಿಂದ, ಈ ತಕರಾರನ್ನು ಕೇವಲ ವಿನಯದ ಮಾತೆಂದು ತಳ್ಳಿಹಾಕುವಂತಿಲ್ಲ.

ಸರ್ವಂಕಷ ಪ್ರಭುತ್ವವೆಂದರೆ ನಾವು ಹಿಂದಿನಿಂದ ಬಲ್ಲ ಸರ್ವಾಧಿಕಾರವೇ ಅಲ್ಲವೇ?

ಅಲ್ಲವೆಂಬುದೇ ಅರೆಂಟ್ ಅವರ ಮೂಲ ವಾದ. ನಿರಂಕುಶ ದೊರೆಗಳು, ಸೇನಾಡಳಿತಗಾರರು, ಏಕಪಕ್ಷದ ಸರ್ಕಾರಗಳು ಚರಿತ್ರೆಯಲ್ಲಿ ಬೇಕಾದಷ್ಟು ಆಗಿಹೋಗಿವೆ. ಇಂತಹ ಆಡಳಿತಗಳಿಗೆ ಬೇಕಾದದ್ದು ಪ್ರಜೆಗಳ ವಿಧೇಯತೆ. ಎದುರು ಮಾತನಾಡದೆ, ಸಭೆ ಸೇರದೆ, ತಮ್ಮ ಪಾಡಿಗೆ ತಾವಿರುವವರನ್ನು ಅವು ಸಾಮಾನ್ಯವಾಗಿ ಮುಟ್ಟುವುದಿಲ್ಲ. ವಿರೋಧ ಅಡಗಿದಂತೆಲ್ಲ ಹಿಂಸೆಯೂ ತಗ್ಗುತ್ತದೆ. ಹಿಟ್ಲರನ ಜರ್ಮನಿ ಮತ್ತು ಸ್ಟಾಲಿನ್ನನ ಸೋವಿಯತ್ ಒಕ್ಕೂಟದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಭೀತಿಯ ಯಂತ್ರ ಪೂರ್ಣವೇಗದಲ್ಲಿ ಓಡಲಾರಂಭಿಸಿದ್ದು ನಿಜವಾದ ವಿರೋಧಿಗಳೆಲ್ಲ ನಿರ್ನಾಮವಾದ ಮೇಲೆ. 1937–38ರ ಮಹಾಶುದ್ಧೀಕರಣದಲ್ಲಿ ಸೋವಿಯತ್ ಸರ್ಕಾರ ಆರೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಗುಂಡಿಟ್ಟು ಕೊಂದಾಗ ಸ್ಟಾಲಿನ್ನನಿಗೆ ಸವಾಲೊಡ್ಡಬಲ್ಲ ಶಕ್ತಿ ಆ ದೇಶದಲ್ಲಿ ಉಳಿದಿರಲಿಲ್ಲ. ಸತ್ತವರಲ್ಲಿ ಬಹುಪಾಲು ಜನ ಏನೂ ಮಾಡಿದವರಲ್ಲ, ಮಾಡಬೇಕೆಂದುಕೊಂಡವರೂ ಅಲ್ಲ. ಹಾಗೆಯೇ ಯುದ್ಧದ ಕೊನೆಯ ವರ್ಷಗಳಲ್ಲಿ ಜರ್ಮನಿಗೆ ತನ್ನ ಸೇನೆಯನ್ನು ಸಾಗಿಸಲು ರೈಲುಗಳ ಕೊರತೆಯಿದ್ದಾಗಲೂ ಆಶ್‌ವಿಟ್ಸ್ ಹತ್ಯಾಶಿಬಿರದ ಕಡೆಗೆ ಹೋಗುವ ರೈಲುಗಳು ನಿಲ್ಲಲಿಲ್ಲ. ಲಾಭನಷ್ಟದ ಯಾವ ಲೆಕ್ಕಕ್ಕೂ ಸಿಗದ ಈ ನಡವಳಿಕೆಯನ್ನು ಅಧಿಕಾರದಾಹ, ಕ್ರೌರ್ಯ ಮೊದಲಾದ ಹಳೆಯ ಪದಗಳು ವಿವರಿಸಲಾರವು ಎಂದು ಅರೆಂಟ್ ವಾದಿಸಿದರು.

ಅವರ ವಿವರಣೆ ಹೀಗಿದೆ. ಇಂತಹ ಪ್ರಭುತ್ವ ತಾನು ಒಬ್ಬ ನಾಯಕನ ಮನಸ್ಸಿನಂತೆ ನಡೆಯುತ್ತಿರುವುದಾಗಿ ಹೇಳಿಕೊಳ್ಳುವುದಿಲ್ಲ. ಪ್ರಕೃತಿಯ ಅಥವಾ ಚರಿತ್ರೆಯ ಅನಿವಾರ್ಯ ನಿಯಮವೊಂದನ್ನು ಜಾರಿಗೊಳಿಸುತ್ತಿರುವುದಾಗಿ ಹೇಳಿಕೊಳ್ಳುತ್ತದೆ. ಜನಾಂಗಗಳ ಹೋರಾಟದಲ್ಲಿ ದುರ್ಬಲರು ಅಳಿಯಲೇಬೇಕು, ಅಥವಾ ವರ್ಗಸಂಘರ್ಷದಲ್ಲಿ ಕೆಲವು ವರ್ಗಗಳು ಮರೆಯಾಗಲೇಬೇಕು ಎಂದು ಒಮ್ಮೆ ನಿಶ್ಚಯವಾದರೆ, ಅವರ ಅಳಿವನ್ನು ತ್ವರಿತಗೊಳಿಸುವುದಷ್ಟೇ ಸರ್ಕಾರದ ಕೆಲಸವಾಗುತ್ತದೆ. ಆಗ ಅಪರಾಧ, ನಿರಪರಾಧ ಎಂಬ ಮಾತುಗಳಿಗೆ ಅರ್ಥವಿರುವುದಿಲ್ಲ. ಕೊಲ್ಲುವವನಿಗೂ ಸಾಯುವವನಿಗೂ ಪಾತ್ರಗಳು ಮೊದಲೇ ಹಂಚಿಕೆಯಾಗಿರುತ್ತವೆ, ಆ ಪಾತ್ರಗಳು ನಾಳೆ ಅದಲುಬದಲಾಗಲೂಬಹುದು.

ಮುಸೊಲಿನಿ ತನ್ನ ಆಡಳಿತವನ್ನು ‘ಟೋಟಲಿಟೇರಿಯನ್’ ಎಂದು ಹೆಮ್ಮೆಯಿಂದ ಕರೆದುಕೊಂಡಿದ್ದರೂ ಅರೆಂಟ್ 1938ರವರೆಗಿನ ಇಟಲಿಗೆ ಆ ಬಿರುದನ್ನು ನಿರಾಕರಿಸಿದರು. ಇಂದು ತಮಗೆ ಹಿಡಿಸದ ಎಲ್ಲ ಸರ್ಕಾರಗಳಿಗೂ ಈ ಪದವನ್ನು ಅಂಟಿಸುವವರು ಈ ಜಿಪುಣತನವನ್ನು ಗಮನಿಸುವುದು ಒಳ್ಳೆಯದು.

ಇದರ ಬೇರುಗಳು ಎಲ್ಲಿವೆ ಎಂದು ಅವರು ಹೇಳುತ್ತಾರೆ?

ಗ್ರಂಥದ ಮೂರು ಭಾಗಗಳ ಹೆಸರುಗಳೇ ದಾರಿ ತೋರಿಸುತ್ತವೆ: ಯಹೂದಿ ದ್ವೇಷ, ಸಾಮ್ರಾಜ್ಯಶಾಹಿ, ಸರ್ವಂಕಷ ಪ್ರಭುತ್ವ. ಒಂದರಿಂದ ಇನ್ನೊಂದು ಕಟ್ಟಿಟ್ಟ ಬುತ್ತಿಯೆಂಬಂತೆ ಹುಟ್ಟಿತೆಂದು ಅವರು ಹೇಳುವುದಿಲ್ಲ. ಬೇರೆ ಬೇರೆ ಕಡೆ ಬಿದ್ದಿದ್ದ ಅಂಶಗಳು ಮೊದಲ ಮಹಾಯುದ್ಧದ ನಂತರ ಒಂದೆಡೆ ಸೇರಿ ಹರಳುಗಟ್ಟಿದವು ಎನ್ನುತ್ತಾರೆ.

ಭಾರತೀಯ ಓದುಗರು ಎರಡನೆಯ ಭಾಗವನ್ನು ಹಾರಿಸಿ ಓದುವುದು ಸಾಮಾನ್ಯ, ಹಾಗೆ ಮಾಡಬಾರದೆಂದು ನನ್ನ ಅಭಿಪ್ರಾಯ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ದೇಶಗಳು ಆಫ್ರಿಕಾ ಮತ್ತು ಏಷ್ಯಾಗಳನ್ನು ಆಳಲು ರೂಢಿಸಿಕೊಂಡ ಎರಡು ಉಪಾಯಗಳೇ, ಅಂದರೆ ಜನಾಂಗೀಯ ಶ್ರೇಷ್ಠತೆಯ ನಂಬಿಕೆ ಮತ್ತು ಕಾನೂನಿನ ಬದಲು ಆಜ್ಞೆಗಳಿಂದ ನಡೆಯುವ ಅಧಿಕಾರಶಾಹಿಯೇ, ಮುಂದೆ ಯುರೋಪಿಗೇ ಹಿಂದಿರುಗಿ ಬಂದವು ಎಂಬುದು ಆ ಭಾಗದ ಸಾರ. ಕಾನೂನು ಎಲ್ಲರಿಗೂ ಒಂದೇ ಎಂಬ ನಂಬಿಕೆಯನ್ನೇ ಕಳೆದುಕೊಂಡು, ಆಳುವುದಕ್ಕೆಂದೇ ತಾನು ಹುಟ್ಟಿದ್ದೇನೆಂದು ತಿಳಿದ ಬ್ರಿಟಿಷ್ ಭಾರತದ ಆಡಳಿತಗಾರನನ್ನು ಅವರು ಇಲ್ಲಿ ಹೆಸರಿಸುತ್ತಾರೆ. ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಶಾಹಿಯ ವಲಯದಿಂದ ‘ಆಡಳಿತಾತ್ಮಕ ಹತ್ಯಾಕಾಂಡ’ದ ಸಲಹೆಯೇ ಬಂದಿತ್ತೆಂಬುದನ್ನು ನೆನಪಿಸುತ್ತಾರೆ. ಈಜಿಪ್ಟ್ ಆಳಿದ ಲಾರ್ಡ್ ಕ್ರೋಮರ್, ದಕ್ಷಿಣ ಆಫ್ರಿಕಾದ ಸೆಸಿಲ್ ರೋಡ್ಸ್ ಕೂಡ ಈ ಪುಟಗಳಲ್ಲಿ ಬರುತ್ತಾರೆ. ಕಚೇರಿಯ ಮೇಜಿನ ಹಿಂದೆ ಕುಳಿತು, ತಾನೆಂದೂ ಕಾಣದ ಜನರ ಜೀವನ್ಮರಣವನ್ನು ನಿರ್ಧರಿಸುವ ಅಧಿಕಾರಿ, ಅವರು ಮುಂದೆ ಯಾರ ವಿಚಾರಣೆಯ ವರದಿ ಬರೆದರೋ ಆ ನಾಜಿ ಐಕ್‌ಮನ್‌ನಿಗಿಂತ ಹತ್ತು ವರ್ಷ ಮೊದಲೇ ಅರೆಂಟ್ ಅವರ ಬರಹದಲ್ಲಿ ಕಾಣಿಸಿಕೊಂಡಿದ್ದ.

‘ಹಕ್ಕುಗಳನ್ನು ಹೊಂದುವ ಹಕ್ಕು’ ಎಂದರೆ ಏನು?

ಮಾನವ ಹಕ್ಕುಗಳು ಹುಟ್ಟಿನಿಂದಲೇ ಬರುತ್ತವೆ, ಅವುಗಳನ್ನು ಯಾರೂ ಕಸಿಯಲಾರರು ಎಂದು ಹದಿನೆಂಟನೆಯ ಶತಮಾನದ ಘೋಷಣೆಗಳು ಸಾರಿದ್ದವು. ಆದರೆ ಎರಡು ಮಹಾಯುದ್ಧಗಳ ನಡುವೆ ಲಕ್ಷಾಂತರ ಜನ ಪೌರತ್ವ ಕಳೆದುಕೊಂಡು, ಕೇವಲ ಮನುಷ್ಯರಾಗಿ ಉಳಿದಾಗ ಅವರ ನೆರವಿಗೆ ಯಾವ ಘೋಷಣೆಯೂ ಬರಲಿಲ್ಲ. ಹಕ್ಕುಗಳನ್ನು ಕಾಪಾಡಲು ಒಂದು ರಾಜಕೀಯ ಸಮುದಾಯ ಬೇಕು. ಅಂತಹ ಸಮುದಾಯಕ್ಕೆ ಸೇರಿರುವುದೇ ಮೊದಲ ಹಕ್ಕು ಎಂದು ಅರೆಂಟ್ ಹೇಳಿದ್ದು ಈ ಅನುಭವದ ಆಧಾರದ ಮೇಲೆ. ನಾಜಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. 1935ರ ನ್ಯೂರೆಂಬರ್ಗ್ ಕಾನೂನುಗಳು ಯಹೂದಿಗಳನ್ನು ಪೂರ್ಣ ಪೌರತ್ವದಿಂದ ಹೊರಗಿಟ್ಟವು. 1941ರ ನವೆಂಬರ್‌ನ ಆದೇಶದ ಪ್ರಕಾರ, ಗಡಿಪಾರಾದ ಯಹೂದಿ ಜರ್ಮನಿಯ ಗಡಿ ದಾಟಿದೊಡನೆ ತನ್ನ ರಾಷ್ಟ್ರೀಯತೆಯನ್ನೂ ಆಸ್ತಿಯನ್ನೂ ಕಳೆದುಕೊಳ್ಳುತ್ತಿದ್ದ. ಅವರು ಏನಾದರೆಂದು ಕೇಳುವ ದೇಶವೇ ಇಲ್ಲದಂತೆ ಮಾಡಿದ ಮೇಲೆ ಕೊಲ್ಲುವುದು ಸುಲಭವಾಯಿತು.

ಯಾತನಾ ಶಿಬಿರಗಳಿಗೆ ಅವರು ಅಷ್ಟು ಪ್ರಾಮುಖ್ಯ ಕೊಡುವುದೇಕೆ?

ಶಿಬಿರಗಳನ್ನು ಅವರು ಪ್ರಭುತ್ವದ ಪ್ರಯೋಗಶಾಲೆಗಳೆಂದು ಕರೆದರು. ಮನುಷ್ಯನನ್ನು ಪ್ರಚೋದನೆಗೆ ಪ್ರತಿಕ್ರಿಯೆ ತೋರುವ ಪ್ರಾಣಿಯ ಮಟ್ಟಕ್ಕೆ ಇಳಿಸಬಹುದೇ ಎಂಬುದು ಅಲ್ಲಿ ಪರೀಕ್ಷೆಗೊಳಗಾಗುತ್ತಿತ್ತು. ಅದು ಮೂರು ಹಂತಗಳಲ್ಲಿ ನಡೆಯಿತು ಎಂದು ಅವರು ವಿವರಿಸುತ್ತಾರೆ. ಮೊದಲು ಕಾನೂನಿನ ಕಣ್ಣಿನಲ್ಲಿರುವ ವ್ಯಕ್ತಿಯನ್ನು ಕೊಲ್ಲಲಾಗುತ್ತದೆ: ಏನೂ ಮಾಡದವನನ್ನು ಹಿಡಿದು ತಂದು, ನ್ಯಾಯಾಲಯ ಮತ್ತು ಜೈಲುಗಳ ವ್ಯವಸ್ಥೆಗೇ ಹೊರಗಾದ ಜಾಗದಲ್ಲಿ ಇಡಲಾಗುತ್ತದೆ. ಸಾಮಾನ್ಯ ಕಳ್ಳನಿಗೆ ತನ್ನ ಶಿಕ್ಷೆ ಯಾವುದಕ್ಕೆಂದು ಗೊತ್ತಿರುವುದರಿಂದ ಅವನ ಸ್ಥಿತಿಯೇ ಇವರಿಗಿಂತ ಮೇಲು.

ಎರಡನೆಯದಾಗಿ ನೈತಿಕ ವ್ಯಕ್ತಿಯ ಕೊಲೆ. ಎಂತಹ ಕ್ರೂರ ಆಡಳಿತದಲ್ಲೂ ಒಬ್ಬ ಮನುಷ್ಯ ತತ್ವಕ್ಕಾಗಿ ಸಾಯಬಹುದಿತ್ತು, ಆ ಸಾವನ್ನು ನೆನೆಯುವವರು ಇರುತ್ತಿದ್ದರು. ಶಿಬಿರದಲ್ಲಿ ಸಾವಿಗೆ ಸಾಕ್ಷಿಯಿಲ್ಲ, ಸಮಾಧಿಯಿಲ್ಲ, ದುಃಖಿಸಲು ಅವಕಾಶವಿಲ್ಲ. ಅದಕ್ಕಿಂತ ಘೋರವೆಂದರೆ ಒಳಿತು ಕೆಡುಕುಗಳ ನಡುವಿನ ಆಯ್ಕೆಯನ್ನೇ ಅಸಾಧ್ಯಗೊಳಿಸುವುದು. ತನ್ನ ಮೂರು ಮಕ್ಕಳಲ್ಲಿ ಯಾರನ್ನು ಕೊಲ್ಲಬೇಕೆಂದು ನೀನೇ ಹೇಳು ಎಂದು ನಾಜಿಗಳು ಗ್ರೀಸ್ ದೇಶದ ತಾಯಿಯೊಬ್ಬಳನ್ನು ಕೇಳಿದ ಪ್ರಸಂಗವನ್ನು ಅವರು ಇಲ್ಲಿ ಉಲ್ಲೇಖಿಸುತ್ತಾರೆ. ಆ ತಾಯಿಯ ಮುಂದೆ ಯಾವ ಧರ್ಮಶಾಸ್ತ್ರವನ್ನು ಇಡಲು ಸಾಧ್ಯ? ಮೂರನೆಯದು, ಪ್ರತಿಯೊಬ್ಬನನ್ನೂ ಬೇರೆಯವನನ್ನಾಗಿಸುವ ಅನನ್ಯತೆಯ ನಾಶ. ಹೊಸದೊಂದನ್ನು ತನ್ನಷ್ಟಕ್ಕೆ ಆರಂಭಿಸುವ ಶಕ್ತಿಯ ನಾಶ. ಇಷ್ಟಾದ ಮೇಲೆ ಉಳಿಯುವುದು ಯಾರನ್ನು ಬೇಕಾದರೂ ಯಾರ ಬದಲಿಗಾದರೂ ಇಡಬಹುದಾದ ಶರೀರಗಳು ಮಾತ್ರ.

ಮನುಷ್ಯರು ಮನುಷ್ಯರಾಗಿಯೇ ‘ಬೇಡವಾದವರು’ ಆಗುವುದು, ಅನಗತ್ಯವಾಗುವುದು, ಅರೆಂಟ್ ಅವರ ಚಿಂತನೆಯ ನಡುಗಂಬ. ಅವರ ಎಲ್ಲ ಪ್ರಮುಖ ವಾದಗಳೂ ಕೊನೆಗೆ ಇಲ್ಲಿಗೇ ಬಂದು ಸೇರುತ್ತವೆ.

ಒಂಟಿತನಕ್ಕೂ ಪ್ರಭುತ್ವಕ್ಕೂ ಏನು ಸಂಬಂಧ?

ಗ್ರಂಥದ 1958ರ ಆವೃತ್ತಿಗೆ ಸೇರಿಸಿದ ಕೊನೆಯ ಅಧ್ಯಾಯದಲ್ಲಿ ಈ ವಿಚಾರ ಬರುತ್ತದೆ. ಏಕಾಂತದಲ್ಲಿರುವವನು ತನ್ನೊಡನೆ ತಾನು ಮಾತನಾಡಿಕೊಳ್ಳುತ್ತಾನೆ, ಆದ್ದರಿಂದ ಅವನು ಒಬ್ಬನೇ ಅಲ್ಲ. ಒಂಟಿತನದಲ್ಲಿ ಜನರ ನಡುವೆ ಇದ್ದರೂ ಯಾರಿಗೂ ತಾನು ಬೇಕಾಗಿಲ್ಲವೆಂಬ ಅನುಭವವಿರುತ್ತದೆ, ತನ್ನ ಜೊತೆಯೂ ತನಗೆ ಇರುವುದಿಲ್ಲ. ಯುದ್ಧ, ಹಣದುಬ್ಬರ, ನಿರುದ್ಯೋಗಗಳಿಂದ ವರ್ಗ, ಸಂಘ, ಪಕ್ಷಗಳ ಹಳೆಯ ನಂಟುಗಳು ಕಡಿದುಹೋದ ಯುರೋಪಿನಲ್ಲಿ ಈ ಅನುಭವ ಮುದುಕರ ಪಾಲಿನದಾಗಿ ಉಳಿಯದೆ ಜನಸಾಮಾನ್ಯರದಾಯಿತು. ಇತರರೊಡನೆ ಹಂಚಿಕೊಂಡ ಜಗತ್ತಿಲ್ಲದವನಿಗೆ ತಾನು ಕಂಡದ್ದು ನಿಜವೋ ಸುಳ್ಳೋ ಎಂದು ತಾಳೆ ನೋಡಲು ಯಾರೂ ಇರುವುದಿಲ್ಲ. ಆಗ ಅವನಿಗೆ ಆಸರೆಯಾಗಿ ಉಳಿಯುವುದು ಒಂದು ಪ್ರಮೇಯದಿಂದ ಹೊರಟು ಎಲ್ಲಿಯೂ ತಡವರಿಸದೆ ಕೊನೆಮುಟ್ಟುವ ಸಿದ್ಧಾಂತದ ತರ್ಕ. ಇಂತಹ ಪ್ರಭುತ್ವಕ್ಕೆ ಹೇಳಿಮಾಡಿಸಿದ ಪ್ರಜೆ ಕಟ್ಟಾ ನಾಜಿಯೂ ಅಲ್ಲ, ಕಟ್ಟಾ ಕಮ್ಯುನಿಸ್ಟನೂ ಅಲ್ಲ, ಸತ್ಯ ಮತ್ತು ಕಲ್ಪನೆಗಳ ನಡುವಿನ ಗೆರೆಯೇ ಅಳಿಸಿಹೋದವನು ಎಂದು ಅವರು ಬರೆದದ್ದು ಈ ಅರ್ಥದಲ್ಲಿ.

ನಾಜಿ ಜರ್ಮನಿಯನ್ನೂ ಸೋವಿಯತ್ ಒಕ್ಕೂಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ?

ಈ ಆಕ್ಷೇಪಣೆಯಲ್ಲಿ ಹುರುಳಿದೆ. ಪುಸ್ತಕದ ಮೊದಲೆರಡು ಭಾಗಗಳು ನಾಜಿವಾದದ ಹಿನ್ನೆಲೆಯನ್ನು ವಿವರಿಸುತ್ತವೆಯೇ ಹೊರತು ರಷ್ಯಾದ ಚರಿತ್ರೆಯನ್ನು ಅಷ್ಟೇ ಆಳವಾಗಿ ಶೋಧಿಸುವುದಿಲ್ಲ, ಮಾರ್ಕ್ಸ್‌ವಾದದಿಂದ ಸ್ಟಾಲಿನ್‌ವಾದಕ್ಕೆ ಬಂದ ದಾರಿಯೂ ಅಲ್ಲಿ ಸ್ಪಷ್ಟವಾಗುವುದಿಲ್ಲ. ಅದೇನೇ ಇದ್ದರೂ, ಶೀತಲ ಸಮರದ ಪ್ರಚಾರಕರು ಮಾಡಿದಂತೆ ಅರೆಂಟ್ ಎಲ್ಲ ಕಮ್ಯುನಿಸ್ಟ್ ಸರ್ಕಾರಗಳನ್ನೂ ಈ ಪಟ್ಟಿಗೆ ಸೇರಿಸಲಿಲ್ಲ. 1953ರಲ್ಲಿ ಸ್ಟಾಲಿನ್ ಸತ್ತ ಮೇಲಿನ ಸೋವಿಯತ್ ಒಕ್ಕೂಟ ಕಟ್ಟುನಿಟ್ಟಾದ ಅರ್ಥದಲ್ಲಿ ಸರ್ವಂಕಷವಾಗಿ ಉಳಿದಿಲ್ಲವೆಂದು ಮುಂದೆ ಒಪ್ಪಿಕೊಂಡರು.

ಐಕ್‌ಮನ್ ಯಾರು? ಅರೆಂಟ್ ಅವನ ವಿಚಾರಣೆಗೆ ಹೋದದ್ದೇಕೆ?

ಅಡಾಲ್ಫ್ ಐಕ್‌ಮನ್ ನಾಜಿ ಭದ್ರತಾ ಇಲಾಖೆಯಲ್ಲಿ ಯಹೂದಿಗಳಿಗೆ ಸಂಬಂಧಿಸಿದ ವಿಭಾಗದ ಮುಖ್ಯಸ್ಥನಾಗಿ, ಯುರೋಪಿನ ನಾನಾ ದೇಶಗಳಿಂದ ಯಹೂದಿಗಳನ್ನು ಹತ್ಯಾಶಿಬಿರಗಳಿಗೆ ಸಾಗಿಸುವ ವ್ಯವಸ್ಥೆಯನ್ನು ನೋಡಿಕೊಂಡವನು. ಯಹೂದಿಗಳ ಸಾಮೂಹಿಕ ಹತ್ಯೆಯ ವ್ಯವಸ್ಥೆಯನ್ನು ನಾಜಿ ಅಧಿಕಾರಿಗಳು ಚರ್ಚಿಸಿದ 1942ರ ಜನವರಿ 20ರ ವಾನ್‌ಸೀ ಸಭೆಯ ನಡಾವಳಿಯನ್ನು ಸಿದ್ಧಪಡಿಸಿದವನು ಅವನೇ. 1944ರಲ್ಲಿ ಎರಡು ತಿಂಗಳೊಳಗೆ ಹಂಗೇರಿಯಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸಿದ ಕಾರ್ಯಾಚರಣೆಯ ಹೊಣೆಯೂ ಅವನದೇ. ಯುದ್ಧಾನಂತರ ಅರ್ಜೆಂಟೀನಾದಲ್ಲಿ ತಲೆಮರೆಸಿಕೊಂಡಿದ್ದ ಅವನನ್ನು ಇಸ್ರೇಲಿನ ಗೂಢಚಾರರು 1960ರ ಮೇ ತಿಂಗಳಲ್ಲಿ ಅಪಹರಿಸಿ ತಂದರು. 1961ರ ಏಪ್ರಿಲ್ 11ರಂದು ಜೆರೂಸಲೇಮಿನಲ್ಲಿ ಆರಂಭವಾದ ವಿಚಾರಣೆ ಡಿಸೆಂಬರ್‌ನಲ್ಲಿ ಮರಣದಂಡನೆಯ ತೀರ್ಪಿನೊಂದಿಗೆ ಮುಗಿದು, 1962ರ ಮೇ 31ರ ನಡುರಾತ್ರಿಯ ಸುಮಾರಿಗೆ ಅವನನ್ನು ಗಲ್ಲಿಗೇರಿಸಲಾಯಿತು.

ಅರೆಂಟ್ ‘ದಿ ನ್ಯೂಯಾರ್ಕರ್’ ಪತ್ರಿಕೆಯ ವರದಿಗಾರರಾಗಿ, ತಾವೇ ಕೇಳಿಕೊಂಡು ಹೋದರು. ಯುದ್ಧದ ನಂತರ ನಾಜಿ ಮುಖಂಡರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಗಳನ್ನು ನೋಡುವ ಅವಕಾಶ ತಪ್ಪಿತ್ತು; ಇಂತಹವರನ್ನು ಕಣ್ಣಾರೆ ಕಾಣಬೇಕೆಂಬ ಬಯಕೆ ಅವರಿಗಿತ್ತು. ವಿಚಾರಣೆಯ ಎಲ್ಲ ದಿನಗಳೂ ಅವರು ಅಲ್ಲಿರಲಿಲ್ಲ. ಬಹುಭಾಗಕ್ಕೆ ನ್ಯಾಯಾಲಯದ ಮತ್ತು ಪೊಲೀಸ್ ತನಿಖೆಯ ಲಿಖಿತ ದಾಖಲೆಗಳನ್ನು ಅವಲಂಬಿಸಿದರು. 1963ರ ಆರಂಭದಲ್ಲಿ ಪತ್ರಿಕೆಯಲ್ಲಿ ಐದು ಕಂತುಗಳಾಗಿ ಬಂದ ಬರಹ ಅದೇ ವರ್ಷ ‘ಐಕ್‌ಮನ್ ಇನ್ ಜೆರೂಸಲೇಂ’ ಎಂಬ ಪುಸ್ತಕವಾಯಿತು; ‘ಕೇಡಿನ ಕ್ಷುಲ್ಲಕತೆಯ ವರದಿ’ ಎಂಬುದು ಅದರ ಅಡಿಶೀರ್ಷಿಕೆ.

‘ಕೇಡಿನ ಕ್ಷುಲ್ಲಕತೆ’ ಎಂದರೆ ನಿಖರವಾಗಿ ಏನು?

ಕೃತ್ಯ ಕ್ಷುಲ್ಲಕವಾದದ್ದು ಎಂದಲ್ಲ. ಕೃತ್ಯದ ಘೋರತೆಗೂ ಅದನ್ನು ಎಸಗಿದವನ ಸತ್ವಕ್ಕೂ ತಾಳೆಯೇ ಇಲ್ಲ ಎಂಬುದು ಅರೆಂಟ್ ಅವರ ಮಾತಿನ ಅರ್ಥ. ನ್ಯಾಯಾಲಯದ ಗಾಜಿನ ಪೆಟ್ಟಿಗೆಯೊಳಗೆ ಕುಳಿತಿದ್ದ ವ್ಯಕ್ತಿಯಲ್ಲಿ ಅವರು ರಾವಣನಂತಹ, ಷೇಕ್ಸ್‌ಪಿಯರನ ಮ್ಯಾಕ್‌ಬೆತ್‌ನಂತಹ ದುಷ್ಟತನದ ಎತ್ತರವನ್ನು ಹುಡುಕಿದರು (ರಾವಣನ ಹೋಲಿಕೆ ನನ್ನದು, ಮ್ಯಾಕ್‌ಬೆತ್ ಅವರದು). ಸಿಕ್ಕಿದ್ದು ಬಡ್ತಿಯ ಚಿಂತೆ ಬಿಟ್ಟರೆ ಬೇರೆ ಪ್ರೇರಣೆಯೇ ಇಲ್ಲದಂತೆ ತೋರಿದ ಒಬ್ಬ ಅಧಿಕಾರಿ. ಸರ್ಕಾರಿ ಭಾಷೆಯೊಂದೇ ತನ್ನ ಭಾಷೆ ಎಂದು ಅವನೇ ನ್ಯಾಯಾಲಯದಲ್ಲಿ ಹೇಳಿಕೊಂಡ. ಕೊಲೆಗೆ ‘ಅಂತಿಮ ಪರಿಹಾರ’, ‘ವಿಶೇಷ ಉಪಚಾರ’, ಸಾಗಾಟಕ್ಕೆ ‘ಪುನರ್ವಸತಿ’ ಎಂಬ ಪದಗಳನ್ನು ಕಡ್ಡಾಯಗೊಳಿಸಿದ್ದ ವ್ಯವಸ್ಥೆಯಲ್ಲಿ ಆ ಭಾಷೆ ಮಾಡುವ ಕೆಲಸವೇ ಕಣ್ಣೆದುರಿನ ಸಂಗತಿಯನ್ನು ಮರೆಮಾಚುವುದು. ಗಲ್ಲಿಗೇರುವ ಮುನ್ನವೂ ಅವನ ಬಾಯಿಂದ ಬಂದದ್ದು ಸವೆದ ಮಾತುಗಳೇ: ದೇವರಲ್ಲಿ ಕ್ರೈಸ್ತರ ರೀತಿಯ ನಂಬಿಕೆಯಾಗಲಿ ಸಾವಿನಾಚೆಯ ಬದುಕಿನ ನಂಬಿಕೆಯಾಗಲಿ ತನಗಿಲ್ಲ ಎಂದವನು, ಮರುಕ್ಷಣವೇ ನಾವೆಲ್ಲ ಮತ್ತೆ ಭೇಟಿಯಾಗುತ್ತೇವೆ ಎಂದ. ಬೇರೆಯವರ ಅಂತ್ಯಕ್ರಿಯೆಗಳಲ್ಲಿ ಆಡುವ ಮಾತು ಅಭ್ಯಾಸಬಲದಿಂದ ತನ್ನ ಸಾವಿನ ಹೊತ್ತಿನಲ್ಲೂ ಹೊರಬಿದ್ದಿತ್ತು.

ಅರೆಂಟ್ ಇದನ್ನು ಮೂರ್ಖತನವೆಂದು ಕರೆಯಲಿಲ್ಲ, ಯೋಚನಾಹೀನತೆ ಎಂದರು. ಯೋಚಿಸುವುದೆಂದರೆ ಇನ್ನೊಬ್ಬರು ನಿಂತಿರುವ ಜಾಗದಿಂದ ಒಂದು ಸಂಗತಿಯನ್ನು ನೋಡಬಲ್ಲ ಶಕ್ತಿ. ಐಕ್‌ಮನ್‌ನಲ್ಲಿ ಅದು ಪೂರ್ತಿ ಇಲ್ಲವಾಗಿತ್ತು. ತನಗೆ ಏಕೆ ಬಡ್ತಿ ಸಿಗಲಿಲ್ಲವೆಂಬ ದುಃಖವನ್ನು ಅವನು ತನ್ನನ್ನು ತನಿಖೆ ಮಾಡುತ್ತಿದ್ದ, ಜರ್ಮನಿಯಿಂದ ಬಂದ ಯಹೂದಿ ಪೊಲೀಸ್ ಅಧಿಕಾರಿಯ ಮುಂದೆ ತೋಡಿಕೊಂಡದ್ದನ್ನು ಅರೆಂಟ್ ಬೆರಗಿನಿಂದ ದಾಖಲಿಸುತ್ತಾರೆ. ಸಂತ್ರಸ್ತರನ್ನು ಅನಗತ್ಯರನ್ನಾಗಿಸಿದ ವ್ಯವಸ್ಥೆ ತನ್ನ ನೌಕರರ ವಿವೇಚನೆಯನ್ನೂ ಅನಗತ್ಯಗೊಳಿಸಿತ್ತು. ಅವರ ಎರಡು ಪುಸ್ತಕಗಳನ್ನು ನಾನು ಜೋಡಿಸಿ ಓದುವುದು ಈ ನೆಲೆಯಲ್ಲಿ.

ಹಾಗಾದರೆ ಐಕ್‌ಮನ್ ಕೇವಲ ಆಜ್ಞೆ ಪಾಲಿಸಿದವನು, ನಿರಪರಾಧಿ ಎಂದು ಅವರು ಹೇಳಿದರೇ?

ಖಂಡಿತ ಇಲ್ಲ. ಇಷ್ಟು ವ್ಯಾಪಕವಾಗಿ ಹರಡಿರುವ ತಪ್ಪುಗ್ರಹಿಕೆ ಇನ್ನೊಂದಿಲ್ಲ. ಮರಣದಂಡನೆಯನ್ನು ಅರೆಂಟ್ ಬೆಂಬಲಿಸಿದರು. ಪುಸ್ತಕದ ಕೊನೆಯಲ್ಲಿ ನ್ಯಾಯಾಧೀಶರು ಆಡಬೇಕಿತ್ತೆಂದು ತಮಗೆ ತೋರಿದ ತೀರ್ಪನ್ನು ತಾವೇ ಬರೆದರು. ಈ ಭೂಮಿಯನ್ನು ಯಾರು ಹಂಚಿಕೊಂಡು ಬಾಳಬೇಕು, ಯಾರು ಬಾಳಬಾರದೆಂದು ನಿರ್ಧರಿಸುವ ಹಕ್ಕು ತನಗಿದೆಯೆಂಬಂತೆ ನಡೆದುಕೊಂಡವನೊಡನೆ ಭೂಮಿಯನ್ನು ಹಂಚಿಕೊಳ್ಳಬೇಕೆಂದು ಯಾರಿಂದಲೂ ನಿರೀಕ್ಷಿಸಲಾಗದು ಎಂಬುದು ಅದರ ತಿರುಳು. ವಿಧೇಯತೆಯ ನೆಪಕ್ಕೂ ಅಲ್ಲಿ ಉತ್ತರವಿದೆ: ಮಕ್ಕಳು ವಿಧೇಯರಾಗಿರಬಹುದು, ಆದರೆ ರಾಜಕೀಯದಲ್ಲಿ ವಯಸ್ಕನೊಬ್ಬ ಪಾಲಿಸಿದನೆಂದರೆ ಬೆಂಬಲಿಸಿದನೆಂದೇ ಲೆಕ್ಕ. ತಾನು ಯಂತ್ರದ ಒಂದು ಹಲ್ಲು ಮಾತ್ರ ಎಂದು ಆರೋಪಿ ಹೇಳಿದರೆ, ಹಾಗಿದ್ದರೆ ನೀನೇಕೆ ಅದರ ಹಲ್ಲಾದೆ ಎಂದು ಕೇಳುವುದಕ್ಕೇ ನ್ಯಾಯಾಲಯಗಳಿರುವುದು.

ಬೇರೆ ರೀತಿ ನಡೆಯುವುದು ಸಾಧ್ಯವಿತ್ತು ಎಂಬುದಕ್ಕೆ ಅವರು ನಿದರ್ಶನಗಳನ್ನೂ ಕೊಡುತ್ತಾರೆ. 1943ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕಿನ ಜನ ತಮ್ಮ ನಡುವಿನ ಸುಮಾರು ಏಳು ಸಾವಿರ ಯಹೂದಿಗಳನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ಬಹಿರಂಗ ಪ್ರತಿರೋಧ ಎದುರಾದಾಗ ಅಲ್ಲಿದ್ದ ಜರ್ಮನ್ ಅಧಿಕಾರಿಗಳ ಗಟ್ಟಿತನವೇ ಕರಗಿತು. ಆಂಟನ್ ಶ್ಮಿಡ್ ಎಂಬ ಜರ್ಮನ್ ಸೇನೆಯ ಸಾರ್ಜೆಂಟ್ ವಿಲ್ನಿಯಸ್‌ನಲ್ಲಿ ಯಹೂದಿಗಳಿಗೆ ನೆರವಾಗಿ 1942ರಲ್ಲಿ ಪ್ರಾಣ ತೆತ್ತ. ಜೆರೂಸಲೇಮಿನ ನ್ಯಾಯಾಲಯದಲ್ಲಿ ಅವನ ಹೆಸರು ಕೇಳಿಬಂದ ನಿಮಿಷಗಳನ್ನು ಕುರಿತ ಭಾಗ ಆ ಪುಸ್ತಕದ ಅತ್ಯುತ್ತಮ ಪುಟಗಳಲ್ಲೊಂದು.

ನಮ್ಮೆಲ್ಲರೊಳಗೂ ಒಬ್ಬ ಐಕ್‌ಮನ್ ಇದ್ದಾನೆ ಎಂಬುದು ಅವರ ಮಾತೇ?

ಅಲ್ಲ, ಈ ಮಾತನ್ನು ಅವರು ಸಿಟ್ಟಿನಿಂದಲೇ ತಿರಸ್ಕರಿಸಿದರು. ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಮ್ 1961ರಲ್ಲಿ ಆರಂಭಿಸಿದ, ಆಜ್ಞೆಗೆ ಮಣಿದು ಸಾಮಾನ್ಯರು ಇನ್ನೊಬ್ಬರಿಗೆ ನೋವು ಕೊಡುವರೇ ಎಂದು ಪರೀಕ್ಷಿಸಿದ ವಿಧೇಯತೆಯ ಪ್ರಯೋಗಗಳೊಡನೆ ಅರೆಂಟ್ ಹೆಸರು ಬೆರೆತುಹೋದದ್ದರಿಂದ ಈ ಗೊಂದಲ ಬೆಳೆಯಿತು. ಎಲ್ಲರೂ ತಪ್ಪಿತಸ್ಥರೆಂದರೆ ಯಾರೂ ತಪ್ಪಿತಸ್ಥರಲ್ಲವೆಂದೇ ಆಗುತ್ತದೆ ಎಂಬುದು ಅವರ ನಿಲುವು.

ಮೊದಲು ‘ಆಮೂಲ ಕೇಡು’ ಎಂದವರು ಆಮೇಲೆ ಅಭಿಪ್ರಾಯ ಬದಲಿಸಿದರೇ?

ಹೌದು, ಅದನ್ನು ಮುಚ್ಚಿಡಲೂ ಇಲ್ಲ. 1951ರ ಗ್ರಂಥದಲ್ಲಿ ಕಾಂಟ್‌ನಿಂದ ಪಡೆದ ‘ಆಮೂಲ ಕೇಡು’ ಎಂಬ ಪರಿಕಲ್ಪನೆಯನ್ನು ಬಳಸಿ, ಸ್ವಾರ್ಥ, ದುರಾಸೆ, ಸೇಡು ಮೊದಲಾದ ಯಾವ ಮಾನವೀಯ ಪ್ರೇರಣೆಯಿಂದಲೂ ಅರ್ಥವಾಗದ, ಶಿಕ್ಷೆಗೂ ಕ್ಷಮೆಗೂ ನಿಲುಕದ ಕೇಡೊಂದು ಶಿಬಿರಗಳಲ್ಲಿ ಪ್ರಕಟವಾಯಿತು ಎಂದಿದ್ದರು. 1963ರಲ್ಲಿ ಯಹೂದಿ ಅನುಭಾವದ ವಿದ್ವಾಂಸ ಗೆರ್‌ಶೊಂ ಶೋಲೆಮ್ ಅವರಿಗೆ ಬರೆದ ಪತ್ರದಲ್ಲಿ, ಕೇಡು ಅತಿರೇಕಕ್ಕೆ ಹೋಗಬಹುದಾದರೂ ಅದಕ್ಕೆ ಬೇರಾಗಲಿ ಆಳವಾಗಲಿ ಇರುವುದಿಲ್ಲ, ಅದು ಬೂಷ್ಟಿನ ಹಾಗೆ ಮೇಲ್ಮೈಯಲ್ಲೇ ಹಬ್ಬಿ ಇಡೀ ಜಗತ್ತನ್ನು ಹಾಳುಗೆಡವಬಲ್ಲದು, ಆಳವಿರುವುದು ಒಳಿತಿಗೆ ಮಾತ್ರ ಎಂದರು. ಬೇರನ್ನು ಹುಡುಕುವುದು ಯೋಚನೆಯ ಸ್ವಭಾವವಾದ್ದರಿಂದ, ಬೇರೇ ಇಲ್ಲದ ಕೇಡಿನ ಮುಂದೆ ಯೋಚನೆ ಕೈಚೆಲ್ಲುತ್ತದೆ. ನನಗೆ ತೋರುವಂತೆ ಈ ಎರಡು ನಿಲುವುಗಳ ನಡುವಿನ ದೂರ ಮೇಲ್ನೋಟಕ್ಕೆ ಕಾಣುವಷ್ಟಿಲ್ಲ: ಕೇಡಿಗೆ ಅರ್ಥವಾಗುವಂತಹ ಪ್ರೇರಣೆಯಿಲ್ಲ ಎಂಬುದು ಮೊದಲ ಪುಸ್ತಕದಲ್ಲೂ ಇತ್ತು.

ಯಹೂದಿ ಸಮುದಾಯದಲ್ಲಿ ಅಷ್ಟೊಂದು ಆಕ್ರೋಶ ಎದ್ದದ್ದೇಕೆ?

ಮುಖ್ಯ ಕಾರಣ ಯಹೂದಿ ಮಂಡಳಿಗಳನ್ನು ಕುರಿತ ಹತ್ತಿಪ್ಪತ್ತು ಪುಟಗಳು. ನಾಜಿಗಳು ಆಕ್ರಮಿತ ಪ್ರದೇಶಗಳಲ್ಲಿ ಯಹೂದಿ ಮುಖಂಡರ ಮಂಡಳಿಗಳನ್ನು ನೇಮಿಸಿ, ಸಾಗಾಟದ ಪಟ್ಟಿಗಳನ್ನು ಹಲವೆಡೆ ಅವರಿಂದಲೇ ಮಾಡಿಸಿದ್ದರು. ಈ ಸಹಕಾರ ಇಡೀ ಕರಾಳ ಕಥೆಯ ಅತ್ಯಂತ ಕರಾಳ ಅಧ್ಯಾಯವೆಂದೂ, ಮುಖಂಡರೇ ಇಲ್ಲದಿದ್ದರೆ ಗೊಂದಲವಾಗುತ್ತಿತ್ತು, ಆದರೆ ಅಷ್ಟು ಜನ ಸಾಯುತ್ತಿರಲಿಲ್ಲವೆಂದೂ ಅರೆಂಟ್ ಬರೆದರು. ಈ ವಿಷಯದಲ್ಲಿ ಅವರ ವಿಮರ್ಶಕರದೇ ಮೇಲುಗೈ ಎಂದು ನಾನು ಭಾವಿಸುತ್ತೇನೆ. ಸೋವಿಯತ್ ನೆಲದಲ್ಲಿ ನಾಜಿ ಪಡೆಗಳು ಮಂಡಳಿಗಳ ನೆರವಿಗೆ ಕಾಯದೆಯೇ ಲಕ್ಷಾಂತರ ಜನರನ್ನು ಗುಂಡಿಟ್ಟು ಕೊಂದಿದ್ದವು. ಮಂಡಳಿಗಳ ಮುಖ್ಯಸ್ಥರೆಲ್ಲ ಒಂದೇ ರೀತಿ ನಡೆದುಕೊಂಡವರೂ ಅಲ್ಲ. ವಾರ್ಸಾದ ಆಡಮ್ ಚೆರ್ನಿಯಾಕುಫ್ 1942ರ ಜುಲೈನಲ್ಲಿ ಸಾಗಾಟ ಶುರುವಾದಾಗ ವಿಷ ಸೇವಿಸಿ ಸತ್ತರು. ಅರೆಂಟ್ ಅವರ ವ್ಯಂಗ್ಯದ ದನಿ ಗಾಯದ ಮೇಲೆ ಬರೆ ಎಳೆಯಿತು. ಶೋಲೆಮ್ ಅವರು ಅರೆಂಟ್‌ಗೆ ಸ್ವಜನ ಪ್ರೀತಿಯೇ ಇಲ್ಲವೆಂದಾಗ, ತಾನು ಪ್ರೀತಿಸುವುದು ಸ್ನೇಹಿತರನ್ನು, ಯಾವ ಜನಸಮುದಾಯವನ್ನೂ ಅಲ್ಲ ಎಂಬ ಉತ್ತರ ಬಂತು. ಆ ಸ್ನೇಹ ಅಲ್ಲಿಗೆ ಮುರಿಯಿತು. ಪುಸ್ತಕದ ಹೀಬ್ರೂ ಅನುವಾದ ಬರಲು 2000ದವರೆಗೆ ಕಾಯಬೇಕಾಯಿತು.

ಐಕ್‌ಮನ್ ವಿಷಯದಲ್ಲಿ ಅರೆಂಟ್ ಮೋಸಹೋದರೇ?

ಬಹುಮಟ್ಟಿಗೆ ಹೌದೆಂದೇ ಈಗಿನ ಸಂಶೋಧಕರು ಹೇಳುತ್ತಾರೆ. 1957ರಲ್ಲಿ ಅರ್ಜೆಂಟೀನಾದಲ್ಲಿ ವಿಲ್ಲೆಮ್ ಸಾಸೆನ್ ಎಂಬ ಹಳೆಯ ನಾಜಿಯ ಮುಂದೆ ಐಕ್‌ಮನ್ ಗಂಟೆಗಟ್ಟಲೆ ಮಾತನಾಡಿ ಧ್ವನಿಮುದ್ರಣ ಮಾಡಿಸಿಕೊಂಡಿದ್ದ. ಇವುಗಳನ್ನೂ ಇತರ ದಾಖಲೆಗಳನ್ನೂ ಆಧರಿಸಿ ಜರ್ಮನ್ ವಿದ್ವಾಂಸೆ ಬೆಟ್ಟಿನಾ ಸ್ಟಾಂಗ್‌ನೆಟ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಣುವವನು ನಿರ್ಲಿಪ್ತ ಗುಮಾಸ್ತನಲ್ಲ. ಯುರೋಪಿನ ಎಲ್ಲ ಯಹೂದಿಗಳನ್ನೂ ಮುಗಿಸಲಾಗಲಿಲ್ಲವಲ್ಲ ಎಂದು ಹಲುಬುವ ದೃಢ ನಂಬಿಕೆಯ ನಾಜಿ. ಜೆರೂಸಲೇಮಿನಲ್ಲಿ ಕಂಡ ಸಾಧಾರಣ ಮನುಷ್ಯ ಜೀವ ಉಳಿಸಿಕೊಳ್ಳಲು ಹಾಕಿದ ವೇಷವಾಗಿದ್ದಿರಬಹುದು. ಈ ಮಾತುಕತೆಗಳ ಅಲ್ಪಭಾಗ ಮಾತ್ರ ಅರೆಂಟ್‌ಗೆ ತಿಳಿದಿತ್ತು.

ಆದರೆ ಸಿದ್ಧಾಂತದ ಬಲವಾದ ನಂಬಿಕೆಯನ್ನೂ ಯೋಚನಾಹೀನತೆಯನ್ನೂ ಪರಸ್ಪರ ವಿರುದ್ಧವೆಂದು ತಿಳಿಯುವುದು ಅರೆಂಟ್ ಅವರ ಮೊದಲ ಪುಸ್ತಕವನ್ನು ಮರೆತಂತೆ. ಅನುಭವದ ಗೊಡವೆಯಿಲ್ಲದೆ ಪ್ರಮೇಯದಿಂದ ತೀರ್ಮಾನಕ್ಕೆ ಓಡುವ ಸಿದ್ಧಾಂತ ಯೋಚನೆಯ ಜಾಗವನ್ನು ತಾನೇ ಆಕ್ರಮಿಸುತ್ತದೆ ಎಂದು ಅಲ್ಲಿ ಅವರೇ ವಾದಿಸಿದ್ದರು. 1944ರ ಕೊನೆಯಲ್ಲಿ ನಾಜಿ ಪೊಲೀಸ್ ಪಡೆಗಳ ಮುಖ್ಯಸ್ಥ ಹಿಮ್ಲರನೇ ಹತ್ಯೆಗಳನ್ನು ನಿಲ್ಲಿಸಲು ಮುಂದಾದಾಗ, ಅದು ಹಿಟ್ಲರನ ಇಚ್ಛೆಗೆ ವಿರುದ್ಧವೆಂದು ಐಕ್‌ಮನ್ ಅಡ್ಡಿಪಡಿಸಿದ್ದನ್ನೂ ಅವರು ದಾಖಲಿಸಿದ್ದಾರೆ. ವ್ಯಕ್ತಿಯ ಚಿತ್ರ ತಪ್ಪಿರಬಹುದು, ಪರಿಕಲ್ಪನೆ ಅದರೊಂದಿಗೇ ಬಿದ್ದುಹೋಗಬೇಕಾಗಿಲ್ಲ.

ಯೋಚಿಸುವವನು ಕೇಡು ಮಾಡಲಾರನೇ? ಹೈಡೆಗರ್ ವಿಷಯ ಏನಾಯಿತು?

ಯೋಚನೆ ಒಳಿತನ್ನು ಖಾತ್ರಿಪಡಿಸುತ್ತದೆ ಎಂದು ಅರೆಂಟ್ ಹೇಳಲಿಲ್ಲ. 1971ರ ಪ್ರಬಂಧವೊಂದರಲ್ಲಿ ಸಾಕ್ರೆಟಿಸ್‌ನನ್ನು ಮುಂದಿಟ್ಟು, ತನ್ನೊಡನೆ ತಾನು ಸಂವಾದಿಸುವ ಅಭ್ಯಾಸವುಳ್ಳವನು ಕೊಲೆ ಮಾಡಿದರೆ ತಾನೇ ಆಗಿಬಿಡುವ ಕೊಲೆಗಾರನೊಂದಿಗೆ ಜೀವನವಿಡೀ ಬಾಳಲು ಹಿಂಜರಿಯುತ್ತಾನೆ ಎಂದಷ್ಟೇ ವಾದಿಸಿದರು. ಎಲ್ಲರೂ ಒಂದೇ ದಿಕ್ಕಿಗೆ ಕೊಚ್ಚಿಹೋಗುತ್ತಿರುವಾಗ ಹೀಗೆ ಹಿಂಜರಿದು ನಿಂತವನು ಎದ್ದು ಕಾಣುತ್ತಾನೆ, ಆ ನಿಲುಗಡೆಯೇ ರಾಜಕೀಯ ಕ್ರಿಯೆಯಾಗುತ್ತದೆ.

ಇಪ್ಪತ್ತನೆಯ ಶತಮಾನದ ದೊಡ್ಡ ಚಿಂತಕರಲ್ಲೊಬ್ಬರಾದ ಹೈಡೆಗರ್ 1933ರ ಮೇ ತಿಂಗಳಲ್ಲಿ ನಾಜಿ ಪಕ್ಷ ಸೇರಿದ್ದು ಈ ವಾದಕ್ಕೆ ಎದುರಾಗುವ ಕಠಿಣ ಪ್ರಶ್ನೆ. ಅವರು ಅರೆಂಟ್‌ಗೆ ಗುರು ಮಾತ್ರವಲ್ಲ, ಒಂದು ಕಾಲದ ಪ್ರಿಯಕರ ಕೂಡ. 1969ರಲ್ಲಿ ಹೈಡೆಗರ್‌ಗೆ 80 ತುಂಬಿದಾಗ ಬರೆದ ಲೇಖನದಲ್ಲಿ, ಆಕಾಶ ನೋಡುತ್ತ ಬಾವಿಗೆ ಬಿದ್ದ ಪ್ರಾಚೀನ ಗ್ರೀಕ್ ತತ್ವಜ್ಞಾನಿ ಥೇಲ್ಸ್‌ನ ಕಥೆಯನ್ನು ನೆನಪಿಸಿ, ಇದು ಚಿಂತಕರಿಗೆ ಅಂಟಿದ ವೃತ್ತಿರೋಗವೆಂಬಂತೆ ಅರೆಂಟ್ ಸಮಾಧಾನ ಹೇಳುತ್ತಾರೆ. ಐಕ್‌ಮನ್‌ನನ್ನು ಅಷ್ಟು ನಿಷ್ಠುರವಾಗಿ ನೋಡಿದ ಕಣ್ಣು ಇಲ್ಲಿ ಮೆತ್ತಗಾಗಿದೆ. ಯೋಚನೆಗಿಂತ ಬೇರೆಯಾದ, ನಿರ್ದಿಷ್ಟ ಸಂಗತಿಯನ್ನು ತೂಗಿ ನೋಡುವ ‘ತೀರ್ಮಾನ’ದ ಶಕ್ತಿಯನ್ನು ಕುರಿತು ಬರೆಯಲು ಅವರು ಸಿದ್ಧರಾಗುತ್ತಿದ್ದರು; 1975ರ ಡಿಸೆಂಬರ್ 4ರಂದು ಅವರು ತೀರಿಕೊಂಡಾಗ ಆ ಭಾಗದ ಶೀರ್ಷಿಕೆ ಮತ್ತು ಎರಡು ಉಲ್ಲೇಖಗಳಿದ್ದ ಹಾಳೆ ಬೆರಳಚ್ಚು ಯಂತ್ರದಲ್ಲಿತ್ತು.

ಭಾರತದ ಬಗ್ಗೆ ಅವರು ಏನಾದರೂ ಹೇಳಿದ್ದಾರೆಯೇ?

ಸ್ವಲ್ಪ ಹೇಳಿದ್ದಾರೆ, ಹೇಳಿದ್ದೆಲ್ಲ ಸರಿಯಾಗಿಲ್ಲ. ಅಪಾರ ಜನಸಂಖ್ಯೆಯಿಂದಾಗಿ ಭಾರತ ಮತ್ತು ಚೀನಾಗಳಲ್ಲಿ ಸರ್ವಂಕಷ ಆಳ್ವಿಕೆಗೆ ಭಯಪಡುವಷ್ಟು ಅನುಕೂಲವಿದೆ, ‘ಪೌರಸ್ತ್ಯ ನಿರಂಕುಶತೆ’ಯ ಪರಂಪರೆಯೂ ಅಲ್ಲಿದೆ ಎಂದು 1951ರಲ್ಲಿ ಬರೆದರು. ಭಾರತವು ಸಂವಿಧಾನವನ್ನು ಜಾರಿಗೆ ತಂದು, ವಯಸ್ಕರೆಲ್ಲರಿಗೂ ಮತಾಧಿಕಾರ ಕೊಟ್ಟು ಮೊದಲ ಮಹಾಚುನಾವಣೆಗೆ ಅಣಿಯಾಗುತ್ತಿದ್ದ ವರ್ಷ ಅದು. ಯುರೋಪಿನಾಚೆಯ ಸಮಾಜಗಳನ್ನು ಕುರಿತು ಅವರಿಗಿದ್ದ ತಿಳಿವಳಿಕೆ ತೆಳುವಾದದ್ದೆಂಬುದಕ್ಕೆ ಇದೊಂದು ಸಾಕ್ಷಿ. ಆಫ್ರಿಕಾವನ್ನು ಕುರಿತ ಅವರ ಪುಟಗಳು ಇನ್ನೂ ಹೆಚ್ಚಿನ ಟೀಕೆಗೆ ಗುರಿಯಾಗಿವೆ.

1970ರಲ್ಲಿ ಹಿಂಸೆಯನ್ನು ಕುರಿತು ಬರೆದ ಪುಸ್ತಕದಲ್ಲಿ ಗಾಂಧೀಜಿಯವರ ಪ್ರಸ್ತಾಪವಿದೆ: ಅಹಿಂಸಾತ್ಮಕ ಪ್ರತಿರೋಧದ ಶಕ್ತಿಯನ್ನು ಒಪ್ಪಿಕೊಂಡೇ, ಎದುರಾಳಿ ಇಂಗ್ಲೆಂಡಿನ ಬದಲು ಸ್ಟಾಲಿನ್ನನ ರಷ್ಯಾ ಅಥವಾ ಹಿಟ್ಲರನ ಜರ್ಮನಿ ಆಗಿದ್ದಿದ್ದರೆ ಫಲ ಹತ್ಯಾಕಾಂಡವಾಗುತ್ತಿತ್ತು ಎನ್ನುತ್ತಾರೆ. ಡೆನ್ಮಾರ್ಕಿನ ಬಗ್ಗೆ ಅವರೇ ಬರೆದದ್ದನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಈ ಮಾತಿನ ಖಚಿತತೆ ಸ್ವಲ್ಪ ಅಲುಗಾಡುತ್ತದೆ.

1975ರ ತುರ್ತುಪರಿಸ್ಥಿತಿ ಅವರ ಅರ್ಥದಲ್ಲಿ ಸರ್ವಂಕಷ ಪ್ರಭುತ್ವವೇ ಎಂದೂ ಕೆಲವರು ಕೇಳುತ್ತಾರೆ. ಅಲ್ಲ, ಅದು ವಿಧೇಯತೆಯನ್ನು ಬಯಸಿದ ನಿರಂಕುಶ ಆಡಳಿತ, 1977ರ ಚುನಾವಣೆಯಲ್ಲಿ ಜನ ಅದನ್ನು ಸೋಲಿಸಿದರು. ಆದರೂ 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು, ಬಂಧಿತರು ತಮ್ಮ ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲವೆಂದು ತೀರ್ಪಿತ್ತಾಗ, ಅರೆಂಟ್ ಹೇಳಿದ ಮೂರು ಹಂತಗಳಲ್ಲಿ ಮೊದಲನೆಯದರ ಹೊಸ್ತಿಲಿಗೆ ದೇಶ ಬಂದಿತ್ತು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು.

ಅರೆಂಟ್ ಅವರನ್ನು ಓದಲು ಎಲ್ಲಿಂದ ಆರಂಭಿಸಬೇಕು?

ಹೆಚ್ಚಿನವರು ಐಕ್‌ಮನ್ ಪುಸ್ತಕವನ್ನು ಮೊದಲು ಕೈಗೆತ್ತಿಕೊಳ್ಳುತ್ತಾರೆ, ಅದರ ಅಡಿಶೀರ್ಷಿಕೆಯಲ್ಲೇ ನಿಂತುಬಿಡುತ್ತಾರೆ. ನನ್ನ ಸಲಹೆ ಬೇರೆ. ‘ಒರಿಜಿನ್ಸ್’ ಗ್ರಂಥಕ್ಕೆ 1958ರಲ್ಲಿ ಸೇರಿದ ಕೊನೆಯ ಅಧ್ಯಾಯ, ಅಂದರೆ ಸಿದ್ಧಾಂತ ಮತ್ತು ಭೀತಿಯನ್ನು ಕುರಿತದ್ದು, ಇಪ್ಪತ್ತು ಚಿಲ್ಲರೆ ಪುಟಗಳಷ್ಟೇ ಇದೆ. ಅದನ್ನು ಮೊದಲು ಓದಿ, ಆಮೇಲೆ ಅದೇ ಗ್ರಂಥದ ಎರಡನೆಯ ಭಾಗದ ಕೊನೆಯಲ್ಲಿರುವ, ಪೌರತ್ವ ಕಳೆದುಕೊಂಡವರನ್ನು ಕುರಿತ ಅಧ್ಯಾಯಕ್ಕೆ ಹೋಗಬಹುದು. ಇವೆರಡರ ನಂತರ ಐಕ್‌ಮನ್ ವರದಿಯನ್ನು ಓದುವವರು ಅಲ್ಲಿ ಆಜ್ಞಾಪಾಲಕ ಗುಮಾಸ್ತನೊಬ್ಬನ ಮೇಲಿನ ಅನುಕಂಪವನ್ನು ಹುಡುಕಲು ಹೋಗುವುದಿಲ್ಲ. ಯಹೂದಿ ಮಂಡಳಿಗಳ ಪುಟಗಳನ್ನು ಮಾತ್ರ ಬೇರೆ ಇತಿಹಾಸಕಾರರ ಜೊತೆಗಿಟ್ಟುಕೊಂಡೇ ಓದಬೇಕು.